ಅನುಮತಿಯ ಒಡೆತನ, ವಿನ್ಯಾಸದ ಒಡೆತನ

1990ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಸಮೀಪದಲ್ಲಿ ಜನ್ಮ ತಳೆದು, ಸ್ವತಃ ಚಿಪ್ ತಯಾರಿಸಿ ಮಾರುವ ಗೋಜಿಗೆ ದಶಕಗಳ ಕಾಲ ಹೋಗದೆ, ಚಿಪ್‌ಗಳು ಪಾಲಿಸಬೇಕಾದ ಆದೇಶಗಳ ವ್ಯವಸ್ಥೆಯನ್ನೂ ಪ್ರೊಸೆಸರಿನ ವಿನ್ಯಾಸಗಳನ್ನೂ ರಚಿಸಿ ಅವುಗಳ ಬಳಕೆಯ ಅನುಮತಿಯನ್ನಷ್ಟೇ ವಿಕ್ರಯಿಸುತ್ತ ಬಂದು, ಇಂದು ಜಗತ್ತಿನ ಹೆಚ್ಚುಕಡಿಮೆ ಎಲ್ಲ ಮೊಬೈಲುಗಳ ಅಂತರಂಗದಲ್ಲಿ ನೆಲೆಸಿರುವ ಆರ್ಮ್ ಸಂಸ್ಥೆಯು, ತನ್ನ ದೊಡ್ಡ ಗಿರಾಕಿಗಳಲ್ಲೊಂದಾದ ಅಮೆರಿಕದ ಕ್ವಾಲ್ಕಾಮ್ ಮೇಲೆಯೇ 2022ರ ಆಗಸ್ಟಿನಲ್ಲಿ ಡೆಲವೇರಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಇಬ್ಬರು ಶ್ರೀಮಂತರ ಲೆಕ್ಕದ ಜಗಳವೆಂದು ಇದನ್ನು ಉಪೇಕ್ಷಿಸುವುದು ಸುಲಭ, ಉಚಿತವಲ್ಲ.

ಆಪಲ್ ಸಂಸ್ಥೆಯನ್ನು ಬಿಟ್ಟುಬಂದ ಕೆಲವು ನಿಪುಣರು 2019ರಲ್ಲಿ ನುವಿಯಾ ಎಂಬ ಪುಟ್ಟ ಕಂಪನಿಯನ್ನು ಕಟ್ಟಿ, ಆರ್ಮ್‌ನ ಪರವಾನಗಿ ಪಡೆದು, ಸರ್ವರುಗಳಿಗೆ ಯೋಗ್ಯವಾದ ಪ್ರೊಸೆಸರಿನ ವಿನ್ಯಾಸದಲ್ಲಿ ತೊಡಗಿದ್ದರು. 2021ರಲ್ಲಿ ಕ್ವಾಲ್ಕಾಮ್ ಅದನ್ನು ಸುಮಾರು 140 ಕೋಟಿ ಡಾಲರಿಗೆ ಕೊಂಡಿತು. ಕ್ವಾಲ್ಕಾಮ್‌ಗೆ ಆರ್ಮ್‌ನ ಪರವಾನಗಿ ಮೊದಲೇ ಇದ್ದಿತು. ಅದರ ರಾಯಧನದ ದರವೋ ನುವಿಯಾ ಒಪ್ಪಿದ್ದಕ್ಕಿಂತ ಬಹಳ ಕಡಿಮೆ. ವ್ಯಾಜ್ಯದ ಬೇರು ಇರುವುದು ಇಲ್ಲಿಯೇ. ನಮ್ಮ ಸಮ್ಮತಿಯಿಲ್ಲದೆ ಪರವಾನಗಿಯು ಹಸ್ತಾಂತರವಾಗಲಾರದು, ಅದು ರದ್ದಾದ ಮೇಲೆ ಅದರಡಿಯಲ್ಲಿ ಹುಟ್ಟಿದ ವಿನ್ಯಾಸಗಳೂ ನಾಶವಾಗಬೇಕು ಎಂದು ಆರ್ಮ್ ವಾದಿಸಿತು. ನಮ್ಮ ಹಳೆಯ ಪರವಾನಗಿಯೇ ಇದಕ್ಕೂ ಸಾಕೆಂದಿತು ಕ್ವಾಲ್ಕಾಮ್.

ಸಮ್ಮತಿಯನ್ನು ಕೇಳುವ ಹಕ್ಕು ಆರ್ಮ್‌ಗೆ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಗೇಣಿಯ ಕರಾರು ಮುರಿಯಿತೆಂಬ ಕಾರಣಕ್ಕೆ ಒಕ್ಕಲು ಬೆಳೆದ ಪೈರನ್ನೆಲ್ಲ ಸುಡಬೇಕೆನ್ನುವ ಭೂಮಾಲೀಕನ ಹಠಕ್ಕೂ ವಿನ್ಯಾಸಗಳನ್ನು ನಾಶಮಾಡಿರೆಂಬ ಈ ಬೇಡಿಕೆಗೂ ಹೆಚ್ಚಿನ ಅಂತರವಿಲ್ಲ. 2024ರ ಡಿಸೆಂಬರಿನಲ್ಲಿ ಜ್ಯೂರಿಯು ಮೂರು ಪ್ರಶ್ನೆಗಳಲ್ಲಿ ಎರಡನ್ನು ಕ್ವಾಲ್ಕಾಮ್ ಪರವಾಗಿ ತೀರ್ಮಾನಿಸಿತು. ನುವಿಯಾ ಕರಾರನ್ನು ಉಲ್ಲಂಘಿಸಿತೇ ಎಂಬ ಮೂರನೆಯದರಲ್ಲಿ ಒಮ್ಮತ ಮೂಡಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರು ಅದನ್ನೂ ಕ್ವಾಲ್ಕಾಮ್ ಪರವಾಗಿಯೇ ಮುಗಿಸಿದರು. ತೀರ್ಪು ಸರಿಯಾದುದೇ.

ತೀರ್ಪಿಗಿಂತಲೂ ಆಲೋಚನೆಗೆ ಅರ್ಹವಾದುದು ವಿಚಾರಣೆಗೆ ಮುನ್ನ, 2024ರ ಅಕ್ಟೋಬರಿನಲ್ಲಿ, ಕ್ವಾಲ್ಕಾಮ್‌ನ ಸ್ವಂತ ಪರವಾನಗಿಯನ್ನೇ 60 ದಿನಗಳಲ್ಲಿ ರದ್ದುಪಡಿಸುವುದಾಗಿ ಆರ್ಮ್ ಕಳುಹಿದ ನೋಟಿಸು. ಮರುವರ್ಷದ ಆರಂಭದಲ್ಲಿ ಅದು ಹಿಂದೆಗೆಯಲ್ಪಟ್ಟಿತಾದರೂ, ಕೋಟ್ಯಂತರ ಮೊಬೈಲುಗಳಿಗೆ ಚಿಪ್ ಒದಗಿಸುವ ಸಂಸ್ಥೆಯ ಉದ್ಯಮವೂ ಪರರ ಒಂದು ಪತ್ರಕ್ಕೆ ಅಂಜಬೇಕಾಯಿತು. ಬಲಿಷ್ಠನ ಪಾಡೇ ಹೀಗಾದರೆ, ವಕೀಲರ ಪಡೆಯನ್ನು ಸಾಕಲಾರದ ಹೊಸಬನ ಗತಿಯೇನು?

ಉಭಯ ಸಂಸ್ಥೆಗಳ ವಿನ್ಯಾಸಕೇಂದ್ರಗಳೂ ಬೆಂಗಳೂರಿನಲ್ಲಿರುವುದರಿಂದ ಈ ಪ್ರಶ್ನೆ ನಮಗೆ ದೂರದ್ದಲ್ಲ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಬಳಕೆಗೆ ಯಾರ ಪರವಾನಗಿಯೂ ಬೇಕಿಲ್ಲದ ರಿಸ್ಕ್-ಫೈವ್ ಆದೇಶವ್ಯವಸ್ಥೆಯ ಮೇಲೆ ಮದ್ರಾಸಿನ ಐಐಟಿಯವರು 'ಶಕ್ತಿ' ಪ್ರೊಸೆಸರನ್ನು ಕಟ್ಟಿರುವುದು ಸ್ತುತ್ಯವಾದ ಮಾರ್ಗ. (ವ್ಯವಸ್ಥೆ ಮುಕ್ತವಾದ ಮಾತ್ರಕ್ಕೆ ಅದರ ಮೇಲಿನ ವಿನ್ಯಾಸಗಳೆಲ್ಲ ಪುಕ್ಕಟೆಯೆಂದು ಯಾರೂ ಭ್ರಮಿಸಬಾರದು.) ಚಿಪ್ ವಿನ್ಯಾಸಕರಿಗೆ ಪ್ರೋತ್ಸಾಹಧನ ನೀಡುತ್ತಿರುವ ಕೇಂದ್ರ ಸರ್ಕಾರವು, ಕಂಪನಿಯು ನಾಳೆ ಪರರಿಗೆ ಮಾರಾಟವಾದರೆ ಅದರ ವಿನ್ಯಾಸ ಯಾರ ಸ್ವತ್ತಾಗಿ ಉಳಿಯುವುದೆಂಬ ಕರಾರನ್ನು ಮೊದಲು ಓದಿ, ಆನಂತರವೇ ಸಾರ್ವಜನಿಕರ ಹಣವನ್ನು ಬಿಡುಗಡೆ ಮಾಡಲಿ.