ಅವರ ಜಾಗ ಯಾರೂ ತುಂಬಲಾರರು

ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಸರ್ಕಾರಿ ಸಾಲಿಗಳಲ್ಲಿ ಶಿಕ್ಷಕರ ಬೀಳ್ಕೊಡುಗೆಗೆ ಹೋದವರಿಗೆಲ್ಲ ಒಂದು ಮಾತು ಬಾಯಿಪಾಠ: ‘ಅವರ ಜಾಗವನ್ನು ಯಾರೂ ತುಂಬಲಾರರು.’ ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಈ ಮಾತಿಗೆ ಜೋರು ಚಪ್ಪಾಳೆ ಬೀಳುತ್ತದೆ. ಸಾಹಿತ್ಯದ ಸಂಶೋಧನೆ ಮಾಡುವ ನನಗೆ ಇದು ಹೊಗಳಿಕೆಯ ಉತ್ಪ್ರೇಕ್ಷೆ ಎಂದು ಗೊತ್ತು. ಆದರೆ ನಮ್ಮ ಎಷ್ಟೋ ಸಾಲಿಗಳಲ್ಲಿ ಅದೀಗ ಉತ್ಪ್ರೇಕ್ಷೆಯಲ್ಲ, ವರದಿ. ಮರುದಿನ ಆ ಕುರ್ಚಿಗೆ ನಿಜಕ್ಕೂ ಯಾರೂ ಬರುವುದಿಲ್ಲ.

ನಿವೃತ್ತಿ ಹೇಳದೆ ಕೇಳದೆ ಬರುವಂಥದ್ದಲ್ಲ. ನೌಕರಿಗೆ ಸೇರುವಾಗಲೇ ಸೇವಾ ಪುಸ್ತಕದಲ್ಲಿ ಹುಟ್ಟಿದ ತಾರೀಖು ಬರೆಯುತ್ತಾರೆ. 60 ತುಂಬುವ ದಿನವನ್ನು ಬೆರಳೆಣಿಸಿ ಹೇಳಬಹುದು. ಹಳ್ಳಿಗಳಲ್ಲಿ ಎಷ್ಟೋ ಮಂದಿಯ ಹುಟ್ಟಿದ ದಿನವನ್ನು ಹಿಂದಿನ ಮಾಸ್ತರರೇ ಜೂನ್ 1 ಎಂದು ಬರೆದುಕೊಂಡರು. ಅಂಥವರೆಲ್ಲ ನಿವೃತ್ತರಾಗುವುದು ಮೇ 31ಕ್ಕೆ. ಸಾಲಿ ಬಾಗಿಲು ತೆಗೆಯುವ ಹೊತ್ತಿಗೇ ಕುರ್ಚಿ ಖಾಲಿ. ಮೂವತ್ತು ವರ್ಷ ಮೊದಲೇ ಗೊತ್ತಿದ್ದ ಖಾಲಿ ಜಾಗವನ್ನು ಆಕಸ್ಮಿಕ ಎಂದು ಕರೆಯಲಾದೀತೆ?

ಕಾನೂನು ಇಲ್ಲವೆಂದಲ್ಲ. ಒಂದು ಸಾಲಿಯಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಕೂಡದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ ಹೇಳುತ್ತದೆ. ಐದು ಹುದ್ದೆಗಳ ಸಾಲಿಯಲ್ಲಿ ಒಬ್ಬರು ಹೋದರೂ ಖಾಲಿ ಶೇ. 20! 2002ರಲ್ಲಿ ನಂಜುಂಡಪ್ಪ ಸಮಿತಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಸಂವಿಧಾನದ 371(ಜೆ) ಬಂತು. 2022ರ ಮೇ ತಿಂಗಳಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರಿಗಾಗಿ ಪರೀಕ್ಷೆ ನಡೆಯಿತು. ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ. ಕೋರ್ಟು ಕಚೇರಿ ಅಲೆದು ಆದೇಶಗಳು ಕೈಸೇರಲು 2023ರ ಕೊನೆ ಬಂತು. ನಿವೃತ್ತಿ ಮಾತ್ರ ಒಂದು ದಿನವೂ ತಡವಾಗುವುದಿಲ್ಲ.

ಈ ನಡುವೆ ಪಾಠ ನಡೆಸುವವರು ಅತಿಥಿ ಶಿಕ್ಷಕರು. ಅತಿಥಿ ಎಂಬ ಪದ ನಮ್ಮಲ್ಲಿ ಇಷ್ಟು ಅವಮಾನಕ್ಕೆ ಈಡಾದದ್ದು ಬೇರೆಲ್ಲೂ ಇರಲಾರದು. ಗೌರವಧನ ಯಾವಾಗ ಬರುತ್ತದೋ ಗೊತ್ತಿಲ್ಲ. ಪರೀಕ್ಷೆ ಮುಗಿದರೆ ಕೆಲಸವೂ ಮುಗಿಯಿತು. ಹತ್ತು ವರ್ಷ ಪಾಠ ಮಾಡಿದರೂ ಅವರಿಗೆ ನಿವೃತ್ತಿಯಿಲ್ಲ, ಪಿಂಚಣಿಯಿಲ್ಲ, ಶಾಲೂ ಇಲ್ಲ. ಅದೇ ಸಮಾರಂಭದಲ್ಲಿ ಕುರ್ಚಿ ಜೋಡಿಸಿ, ನಿರೂಪಣೆ ಮಾಡಿ, ಊಟ ಬಡಿಸುವವರು ಬಹಳ ಸಲ ಅವರೇ.

‘ಜೀವಮಾನವಿಡೀ ದುಡಿದವರನ್ನು ಊರು ನೆನೆದರೆ ನಿನಗೇನು ಹೊಟ್ಟೆಯುರಿ?’ ಎಂದು ಕೇಳುವವರಿದ್ದಾರೆ. ನೆನೆಯಲಿ. ಹತ್ತಿ ಬಿಡಿಸಲು ಹೋದ ಮಕ್ಕಳನ್ನು ಹೊಲದಿಂದ ಕರೆತಂದು ಅಕ್ಷರ ಕಲಿಸಿದವರಿಗೆ ಮೆರವಣಿಗೆಯೇ ಆಗಲಿ. ಆದರೆ ಅಂಥವರ ಕೆಲಸ ಅವರೊಂದಿಗೇ ನಿಂತುಹೋಗುವುದನ್ನು ನೋಡುತ್ತ ಕೂರುವುದು ಗೌರವವಲ್ಲ. ಅವರು ಕಲಿಸಿದ ಗಣಿತವನ್ನು ಮುಂದಿನ ವಾರ ಕಲಿಸುವವರಿಲ್ಲದಿದ್ದರೆ ಆ ಶಾಲಿಗೆ ಏನರ್ಥ?

ಮಿತ್ರರೇ, ನೀವು ಇಂಥ ಸಮಾರಂಭಗಳಿಗೆ ಹೋಗೇ ಹೋಗುತ್ತೀರಿ. ವೇದಿಕೆಯ ಮೇಲೆ ಶಾಸಕರೋ ಅಧಿಕಾರಿಗಳೋ ಇದ್ದೇ ಇರುತ್ತಾರೆ. ಅತಿಥಿ ಶಿಕ್ಷಕರಿಗೂ ಒಂದು ಕುರ್ಚಿ ಹಾಕಿಸಿ. ಆಮೇಲೆ ಮೈಕು ಕೈಗೆ ಸಿಕ್ಕಾಗ ಹೊಗಳಿಕೆಯ ಜೊತೆ ಒಂದೇ ಪ್ರಶ್ನೆ ಕೇಳಿ: ‘ನಾಳೆಯಿಂದ ಪಾಠ ಮಾಡುವವರ ಹೆಸರೇನು?’ ಉತ್ತರ ಬರುವವರೆಗೆ ಚಪ್ಪಾಳೆ ತಟ್ಟಬೇಡಿ.