ಸಾಲದ ವಾಯಿದೆಯೂ ಮಳೆಯ ವಾಯಿದೆಯೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಖುಷ್ಕಿ ಜಮೀನುಗಳಲ್ಲಿ ಮುಂಗಾರಿನ ಆಲೂಗೆಡ್ಡೆಯನ್ನು ಬೆಳೆಯುವ ರೈತನು ತನ್ನ ಖರ್ಚಿನ ಬಹುಭಾಗವನ್ನು ಬಿತ್ತನೆಗೆ ಮೊದಲೇ ಮಾಡಬೇಕಾಗುತ್ತದೆ. ಪಂಜಾಬಿನಿಂದ ಬರುವ ಬಿತ್ತನೆಗೆಡ್ಡೆ, ಗೊಬ್ಬರ, ಔಷಧಿ ಇವುಗಳಿಗೆ ಬೇಕಾದ ಹಣವು ಅನೇಕರಿಗೆ ಸಾಲದ ಹಣವೇ. ಬೆಳೆ ಬಂದರೆ ಸಾಲವು ತೀರುತ್ತದೆ. ಬಾರದಿದ್ದರೆ ಹಳೆಯ ಸಾಲವನ್ನು ತೀರಿಸಲು ಹೊಸ ಸಾಲವನ್ನು ಎತ್ತಬೇಕಾಗುತ್ತದೆ.

ರೈತನ ಸಾಲಕ್ಕೆ ಅವನ ದುಂದುಗಾರಿಕೆಯೇ ಕಾರಣವೆಂದು ದೂರುವ ವಾಡಿಕೆ ಹಳೆಯದು. ಈಗಿನ ಸಂಕಟಕ್ಕೆ ಆ ಮಾತು ಒಪ್ಪುವುದಿಲ್ಲ. ಗಾಳಿಯ ಶಾಖವು ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿಯು ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಆದಕಾರಣ ಮಳೆಯು ಬಂದಾಗ ರಭಸದಿಂದ ಸುರಿಯುವುದೂ ನಡುನಡುವೆ ಬಹುದಿನ ಕೈಕೊಡುವುದೂ ಹೆಚ್ಚುತ್ತಿವೆ. ಬಿಡದೆ ಜಿನುಗಿದರೆ ಅಂಗಮಾರಿ ರೋಗ, ನೀರು ನಿಂತರೆ ಕೊಳೆ, ಮಳೆ ಹೋದರೆ ಗೆಡ್ಡೆ ಕಟ್ಟದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವು ಸಾರಿತು. ಅಷ್ಟೂ ತಾಲ್ಲೂಕುಗಳ ರೈತರು ಒಂದೇ ವರ್ಷದಲ್ಲಿ ದುಂದುಗಾರರಾದರೇ?

ಬಡ ದೇಶಗಳ ಪಾಡೂ ಹೀಗೆಯೇ ಇದೆ. 2019ರಲ್ಲಿ ಇಡಾಯ್ ಚಂಡಮಾರುತದಿಂದ ಹಾಳಾದ ಆಫ್ರಿಕದ ಮೊಜಾಂಬಿಕ್ ದೇಶವು ಮೊದಲೇ ಸಾಲದಲ್ಲಿ ಮುಳುಗಿತ್ತು. ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ ಅದಕ್ಕೆ ದೊರೆತ ಸುಮಾರು 11 ಕೋಟಿ 80 ಲಕ್ಷ ಡಾಲರುಗಳೂ ಸಾಲವೇ. ವೆಸ್ಟ್ ಇಂಡೀಸಿನ ಪುಟ್ಟ ದೇಶವಾದ ಗ್ರೆನಡಾ ಬೇರೆ ದಾರಿಯನ್ನು ಹಿಡಿಯಿತು. 2015ರಲ್ಲಿ ಸಾಲದ ಕರಾರನ್ನು ಹೊಸದಾಗಿ ಮಾಡಿಕೊಳ್ಳುವಾಗ, ಚಂಡಮಾರುತವು ಬಡಿದರೆ ಕಂತುಗಳನ್ನು ಮುಂದೂಡತಕ್ಕದ್ದೆಂಬ ಷರತ್ತನ್ನು ಸೇರಿಸಿತು. 2024ರಲ್ಲಿ ಬೆರಿಲ್ ಚಂಡಮಾರುತವು ಬಡಿದಾಗ ಆ ಷರತ್ತು ನಡೆಯಿತು. ಸಾಲವು ಮನ್ನಾ ಆಗಲಿಲ್ಲ; ವಾಯಿದೆಯು ಮುಂದೆ ಹೋಯಿತು.

ನಮ್ಮ ಸಹಕಾರ ಸಂಘಗಳ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಇದು ಉಪಕಾರವೇ ಸರಿ. ಆದರೆ ಬಡ್ಡಿಯ ವಿನಾಯಿತಿಯು ವಾಯಿದೆಯೊಳಗೆ ತೀರಿಸಿದವರಿಗೆ ಮಾತ್ರ. ಮಳೆ ಕೆಟ್ಟ ವರ್ಷದಲ್ಲಿ ಯಾರಿಗೆ ಅದು ಹೆಚ್ಚು ಬೇಕೋ ಅವರೇ ಅದನ್ನು ಕಳೆದುಕೊಳ್ಳುವ ಸಂಭವವುಂಟು. ಬರದ ಘೋಷಣೆಯಾದ ಮೇಲೆ ಬ್ಯಾಂಕಿನ ಸಾಲವನ್ನು ಹಲವು ವರ್ಷಗಳ ಕಂತಿಗೆ ಬದಲಾಯಿಸುವ ಕ್ರಮವಿದ್ದರೂ, ಮಂಡಿಯಿಂದಲೂ ಊರಿನ ಸ್ಥಿತಿವಂತರಿಂದಲೂ ತಂದ ಕೈಸಾಲಕ್ಕೆ ಅದು ಅನ್ವಯಿಸದು.

ಇಲ್ಲಿಯೇ ಗ್ರಾಮದ ಮುಖ್ಯಸ್ಥರ ಹಾಗೂ ಭೂಮಾಲೀಕರ ಹೊಣೆಯಿರುವುದು. ತಾವು ಸಾಲ ಕೊಡುವವರಾದಲ್ಲಿ, ಮಳೆ ಕೆಟ್ಟರೆ ಮುಂದಿನ ಫಸಲಿನವರೆಗೆ ಹೆಚ್ಚಿನ ಬಡ್ಡಿಯಿಲ್ಲದೆ ವಾಯಿದೆಯುಂಟೆಂದು ಪತ್ರದಲ್ಲಿಯೇ ಬರೆಯಿಸಬೇಕು. ಸಂಘದ ಆಡಳಿತದಲ್ಲಿರುವವರಾದಲ್ಲಿ, ಇಂಥದೇ ಕ್ರಮವನ್ನು ಕೋರಿ ಮಹಾಸಭೆಯಲ್ಲಿ ನಿರ್ಣಯ ಮಾಡಿ ಜಿಲ್ಲಾ ಸಹಕಾರ ಬ್ಯಾಂಕಿಗೆ ಕಳುಹಿಸಬೇಕು. ಬಿತ್ತನೆಗೆ ಮೊದಲು ಇದನ್ನು ಮಾಡುವುದು ಲೇಸು. ಬೆಳೆ ಒಣಗಿದ ಮೇಲೆ ಕೇಳುವ ಕಾಲಾವಕಾಶವು ಬೇಡಿಕೆಯಾಗುತ್ತದೆ, ಮೊದಲೇ ಬರೆದದ್ದು ಹಕ್ಕಾಗುತ್ತದೆ.

ಇದರಿಂದ ಸಾಲ ಕೊಟ್ಟವರಿಗೆ ನಷ್ಟವೆಂದು ಕೆಲವರು ಹೇಳಬಹುದು. ಎತ್ತನ್ನು ಮಾರಿಸಿ ವಸೂಲು ಮಾಡಿದ ಹಣವೇ ಆ ಮನೆಯಿಂದ ಬರುವ ಕಡೆಯ ಹಣವೆಂಬುದನ್ನು ಅಂಥವರು ಯೋಚಿಸಬೇಕು. ಉಳುವವನು ಊರಿನಲ್ಲಿ ಉಳಿದರೆ ಮಾತ್ರ ಸಾಲವೂ ತೀರೀತು, ಭೂಮಿಯೂ ಬೆಳೆದೀತು.