ಐದು ಸ್ವರ, ಎರಡು ಗಾಂಧಾರ

ಗಿಟಾರ್ ಕಲಿಯೋಕೆ ಹೊರಟ ಹುಡುಗರಿಗೆ ಇಂಟರ್ನೆಟ್ಟು ಮೊದಲು ಕೊಡೋದು ಒಂದು ಚುಕ್ಕೆ ಚಿತ್ರ. ಆರು ಗೆರೆ, ಗೆರೆಗೆ ಎರಡರಂತೆ ಹನ್ನೆರಡು ಚುಕ್ಕೆ. ಹೆಸರು "ಮೈನರ್ ಪೆಂಟಾಟಾನಿಕ್ ಬಾಕ್ಸ್". ಸ್ವಲ್ಪ ದಿನ ಬಿಟ್ಟು ಇನ್ನೊಂದು ಚಿತ್ರ ಬರುತ್ತೆ, "ಮೇಜರ್ ಪೆಂಟಾಟಾನಿಕ್". ಇವೆರಡನ್ನೂ ಬೆರೆಸಿ ನುಡಿಸಿದ್ರೆ ಬ್ಲೂಸ್ ಅಂತಾರೆ. ಸರಿ, ಹೆಂಗೆ ಬೆರೆಸೋದು? ಯಾವಾಗ ಬೆರೆಸೋದು? ಅಂತ ಕೇಳಿದ್ರೆ ಬರೋ ಉತ್ತರ ಒಂದೇ: "ಫೀಲ್ ಮಾಡಿ".

ನನ್ನ ತಕರಾರು ಇರೋದು ಈ ಉತ್ತರದ ಮೇಲೆ.

ನಮ್ಮ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆ ಈಗ ಗಿಟಾರ್ ಇಟ್ಟುಕೊಂಡ ಹುಡುಗರು ಕಾಣಸಿಗ್ತಾರೆ. ಕಲಿಸೋರು ಮಾತ್ರ ಸಿಗಲ್ಲ. ಮೊಬೈಲೇ ಗುರು. ಆ ಗುರು "ಫೀಲ್ ಮಾಡು" ಅಂದು ಸುಮ್ಮನಾದ್ರೆ ಹುಡುಗ ಏನು ಮಾಡ್ತಾನೆ? ಬೆರಳು ಚುಕ್ಕೆಯಿಂದ ಚುಕ್ಕೆಗೆ ಓಡಿಸ್ತಾನೆ, ಕೇಳಿದ್ರೆ ಸಪ್ಪೆ ಅನಿಸುತ್ತೆ. ತನಗೆ ಸಂಗೀತ ಬರಲ್ಲ, ರಕ್ತದಲ್ಲೇ ಇಲ್ಲ ಅಂದುಕೊಳ್ತಾನೆ. ಆರು ತಿಂಗಳಿಗೆ ಗಿಟಾರ್ ಗೋಡೆ ಮೇಲಿನ ಮೊಳೆಗೆ ಹೋಗುತ್ತೆ. ಅಂಥ ಗೋಡೆಗಳನ್ನ ನಾನು ನಮ್ಮೂರಲ್ಲೇ ಮೂರ್ನಾಲ್ಕು ಮನೆಯಲ್ಲಿ ನೋಡಿದೀನಿ.

ನಾನು ಹೇಳೋದು ಇಷ್ಟೇ: ಆ ಚುಕ್ಕೆ ಚಿತ್ರ ಸ್ವಲ್ಪ ದಿನ ಮುಚ್ಚಿಡಿ, ಸರಿಗಮ ಹಾಡಿ, "ಈಗ ಯಾವ ಗಾಂಧಾರ?" ಅಂತ ಒಂದೇ ಪ್ರಶ್ನೆ ಕೇಳ್ಕೊಳ್ಳಿ. ಬ್ಲೂಸ್ ಗಿಟಾರಿನ ಮುಕ್ಕಾಲು ಗುಟ್ಟು ಅದರಲ್ಲಿದೆ. ಗಿಟಾರ್ ಗೊತ್ತಿಲ್ಲದ ಸ್ನೇಹಿತರು ಓಡಿಹೋಗಬೇಡಿ, ಹಾರ್ಮೋನಿಯಂ ನೋಡಿದವರಿಗೆಲ್ಲ ಇದು ಅರ್ಥ ಆಗುತ್ತೆ :)

ಹಾರ್ಮೋನಿಯಂನಲ್ಲಿ ಕಪ್ಪು ಕೀಗಳು ಎರಡು ಒಂದು ಗುಂಪು, ಮೂರು ಇನ್ನೊಂದು ಗುಂಪು ಇರ್ತಾವಲ್ಲ, ಒಟ್ಟು ಐದು. ಮೂರರ ಗುಂಪಿನ ಮೊದಲನೇ ಕೀಯನ್ನ ಸ ಮಾಡ್ಕೊಂಡು ಬರೀ ಕಪ್ಪಿನ ಮೇಲೆ ಹತ್ತಿ. ಸ ರಿ ಗ ಪ ದ. ಇದು ನಮ್ಮ ಮೋಹನ, ಹಿಂದೂಸ್ತಾನಿಯವರ ಭೂಪ್. ಗಿಟಾರಿನವರು ಇದನ್ನೇ ಮೇಜರ್ ಪೆಂಟಾಟಾನಿಕ್ ಅಂತಾರೆ. ಈಗ ಎರಡರ ಗುಂಪಿನ ಎರಡನೇ ಕೀಯನ್ನ ಸ ಮಾಡಿ, ಅವೇ ಐದು ಕಪ್ಪು ಕೀ ನುಡಿಸಿ. ಸ, ಕೋಮಲ ಗ, ಮ, ಪ, ಕೋಮಲ ನಿ. ಇದು ಕರ್ನಾಟಕ ಸಂಗೀತದ ಶುದ್ಧ ಧನ್ಯಾಸಿ, ಹಿಂದೂಸ್ತಾನಿಯಲ್ಲಿ ಧಾನಿಗೆ ಹತ್ತಿರ. ಗಿಟಾರಿನವರ ಮೈನರ್ ಪೆಂಟಾಟಾನಿಕ್ ಇದೇ.

ಅವೇ ಐದು ಸ್ವರ, ಸ ಬದಲಾದ ಕೂಡಲೇ ಹೆಸರೂ ಬದಲು, ಭಾವವೂ ಬದಲು. ಗ್ರಹಭೇದ ಅಂತ ಇದಕ್ಕೆ ಹೆಸರು. ನಮ್ಮೂರಿನವರಿಗೆ ಇದನ್ನ ವಿವರಿಸೋ ಅಗತ್ಯವೇ ಇಲ್ಲ ಬಿಡಿ. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯ್ತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರ್ತು. ಊರು ಒಂದಿಂಚೂ ಕದಲಿಲ್ಲ, ಕಾಗದ ಹಿಡ್ಕೊಂಡು ಓಡೋ ದಿಕ್ಕು ಮಾತ್ರ ಬದಲಾಯ್ತು. ಗ್ರಹಭೇದ ಅಂದ್ರೆ ಇದೇ :)

ಗಿಟಾರಿನವರ ಒಂದು ಸುಲಭ ಉಪಾಯ ಇದೆ. ಎ ಸ್ವರವನ್ನ ಸ ಇಟ್ಟುಕೊಂಡ್ರೆ ಮೈನರ್ ಬಾಕ್ಸ್ ಐದನೇ ಫ್ರೆಟ್ಟಿನಲ್ಲಿ ಬರುತ್ತೆ. ಅದೇ ಆಕಾರವನ್ನ ಮೂರು ಫ್ರೆಟ್ ಕೆಳಗೆ, ಎರಡನೇ ಫ್ರೆಟ್ಟಿಗೆ ತಂದ್ರೆ ಎ ಮೇಜರ್ ಪೆಂಟಾಟಾನಿಕ್. ಉಪಾಯ ನೂರಕ್ಕೆ ನೂರು ಸರಿ. ಆದ್ರೆ ಇದರಲ್ಲಿ ಒಂದು ಮೋಸ ಅಡಗಿದೆ. ಐದನೇ ಫ್ರೆಟ್ಟಿನಲ್ಲಿ ದಪ್ಪ ತಂತಿಯ ಸ ತೋರುಬೆರಳಿನ ಕೆಳಗಿತ್ತು. ಎರಡನೇ ಫ್ರೆಟ್ಟಿಗೆ ಬಂದಾಗ ಅದೇ ಸ ಕಿರುಬೆರಳಿಗೆ ಹೋಗಿರುತ್ತೆ. ಆಕಾರ ಅದೇ ಅಂತ ಹುಡುಗ ಮೊದಲಿನ ಹಾಗೇ ತೋರುಬೆರಳಿನ ಮೇಲೆ ಬಂದು ನಿಲ್ತಾನೆ. ಅಂದ್ರೆ ದ ಮೇಲೆ ನಿಂತು ಅದನ್ನ ಸ ಅಂದ್ಕೊಂಡಿರ್ತಾನೆ! ಸ್ವರ ಒಂದೂ ತಪ್ಪಿಲ್ಲ, ಆದ್ರೂ ಮಾತು ಮುಗಿದ ಹಾಗೆ ಅನಿಸಲ್ಲ. ಬಾಯಲ್ಲಿ ಸರಿಗಮ ಹಾಡ್ಕೊಂಡು ನುಡಿಸೋನಿಗೆ ಈ ತೊಂದರೆ ಬರಲ್ಲ, ಯಾಕಂದ್ರೆ ಅವನ ಬಾಯಿಗೆ ಸ ಎಲ್ಲಿದೆ ಅಂತ ಗೊತ್ತು.

ಈಗ ಎರಡನ್ನೂ ಒಂದೇ ಸ ಮೇಲೆ ಇಟ್ಟು ನೋಡಿ. ಮೋಹನ: ಸ ರಿ ಗ ಪ ದ. ಶುದ್ಧ ಧನ್ಯಾಸಿ: ಸ ಗ ಮ ಪ ನಿ. ಎರಡಕ್ಕೂ ಸೇರಿದ್ದು ಸ ಮತ್ತು ಪ ಮಾತ್ರ. ಒಟ್ಟುಗೂಡಿಸಿದ್ರೆ ಎಂಟು ಸ್ವರ ಆಗುತ್ತೆ. ಅದರಲ್ಲಿ ಜಗಳ ಆಡೋದು ಅಕ್ಕಪಕ್ಕ ಕೂತಿರೋ ಎರಡು ಗಾಂಧಾರ, ಒಂದು ಕೋಮಲ ಇನ್ನೊಂದು ಶುದ್ಧ. ಕರ್ನಾಟಕ ಸಂಗೀತದವರು ಸಾಧಾರಣ ಮತ್ತು ಅಂತರ ಅಂತ ಓದ್ಕೊಳ್ಳಿ. ಇವೆರಡರಲ್ಲಿ ಯಾವುದನ್ನ ಎಲ್ಲಿ ಮುಟ್ಟಬೇಕು ಅನ್ನೋದೇ ಬ್ಲೂಸ್ ನುಡಿಸೋನ ಮುಂದಿರೋ ಪ್ರಶ್ನೆ.

ಉತ್ತರ ಕೆಳಗಿನ ಕಾರ್ಡಿನಲ್ಲಿದೆ. ಬ್ಲೂಸಿನ ಸಾಮಾನ್ಯ ಚೌಕಟ್ಟು ಹನ್ನೆರಡು ಬಾರ್‌ಗಳದ್ದು, ನಮ್ಮ ಲೆಕ್ಕದಲ್ಲಿ ಹನ್ನೆರಡು ಆವರ್ತ ಅನ್ನಿ. ಎ ಸ್ವರ ಸ ಆದ್ರೆ ಮೊದಲ ನಾಲ್ಕು ಎ ಸೆವೆನ್ ಕಾರ್ಡು, ಐದು-ಆರು ಡಿ ಸೆವೆನ್, ಏಳು-ಎಂಟು ಮತ್ತೆ ಎ ಸೆವೆನ್, ಒಂಬತ್ತು ಇ ಸೆವೆನ್, ಹತ್ತು ಡಿ ಸೆವೆನ್, ಕೊನೆಗೆ ಮನೆಗೆ ವಾಪಸ್ ಎ ಸೆವೆನ್. ಈ ಕಾರ್ಡುಗಳನ್ನ ಸರಿಗಮದಲ್ಲಿ ಬಿಡಿಸಿ ನೋಡಿ.

ಎ ಸೆವೆನ್ ಅಂದ್ರೆ ಸ, ಶುದ್ಧ ಗ, ಪ, ಕೋಮಲ ನಿ. ಇಲ್ಲಿ ಶುದ್ಧ ಗಾಂಧಾರ ಮನೆಯವನು. ಕೋಮಲ ಗ ನೆಂಟ. ಅವನು ಬಂದ್ರೆ ಒಂಚೂರು ಕಿರಿಕಿರಿ ಹುಟ್ಟುತ್ತೆ, ಆ ಕಿರಿಕಿರಿಯೇ ಬ್ಲೂಸಿನ ಖಾರ.

ಡಿ ಸೆವೆನ್ ಅಂದ್ರೆ ಮ, ಶುದ್ಧ ದ, ಸ, ಕೋಮಲ ಗ. ನೋಡಿದ್ರಾ? ಈಗ ಕೋಮಲ ಗಾಂಧಾರವೇ ಮನೆಯವನು. ಇಲ್ಲಿ ಶುದ್ಧ ಗ ಹಿಡ್ಕೊಂಡು ನಿಂತ್ರೆ ಕಿವಿಗೆ ಮುಳ್ಳು. ಇನ್ನೊಂದು ಗಮನಿಸಿ, ಮೋಹನದ ದ ಕೂಡ ಈ ಕಾರ್ಡಿನಲ್ಲೇ ಇದೆ. "ಡಿ ಬಂದಾಗ ಮೇಜರ್ ಬಿಟ್ಟು ಮೈನರಿಗೆ ಹೋಗಿ" ಅನ್ನೋ ಸೂತ್ರದಂತೆ ಇಡೀ ಬಾಕ್ಸ್ ಬದಲಾಯಿಸಿದ್ರೆ ಒಳ್ಳೆಯ ದ ಕೈಬಿಟ್ಟು ಹೋಗುತ್ತೆ. ಬದಲಾಯಿಸಬೇಕಾದ್ದು ಗಾಂಧಾರ ಒಂದನ್ನೇ.

ಇ ಸೆವೆನ್ ಅಂದ್ರೆ ಪ, ಶುದ್ಧ ನಿ, ರಿ, ಮ. ಶುದ್ಧ ನಿ ನಮ್ಮ ಎರಡೂ ಬಾಕ್ಸಿನಲ್ಲಿ ಇಲ್ಲ. ಪ, ರಿ, ಮ ಹಿಡಿದು ದಾಟಿಕೊಳ್ಳಿ, ತೊಂದರೆ ಇಲ್ಲ.

ಇದನ್ನ ಕೇಳಿ ಪರೀಕ್ಷೆ ಮಾಡಬೇಕು ಅಂದ್ರೆ ಎರಡು ರೆಕಾರ್ಡಿಂಗ್ ಸಾಕು. ರಾಬರ್ಟ್ ಜಾನ್ಸನ್ 1936ರಲ್ಲಿ ಹಾಡಿದ್ದ ಕ್ರಾಸ್‌ರೋಡ್ ಹಾಡನ್ನ 1968ರಲ್ಲಿ ಕ್ರೀಮ್ ತಂಡ ವೇದಿಕೆ ಮೇಲೆ ನುಡಿಸಿತ್ತು. ಅದರಲ್ಲಿ ಎರಿಕ್ ಕ್ಲಾಪ್ಟನ್ ಎ ಮೇಲೆ ಎರಡೂ ಗಾಂಧಾರಗಳನ್ನ ಬಳಸೋದನ್ನ ಕೇಳಿ. ಆಮೇಲೆ ಬಿ. ಬಿ. ಕಿಂಗ್‌ನ 1969ರ "ದಿ ಥ್ರಿಲ್ ಈಸ್ ಗಾನ್" ಕೇಳಿ. ಅಲ್ಲಿ ಮನೆಯ ಕಾರ್ಡೇ ಮೈನರ್, ಹಾಗಾಗಿ ಕೋಮಲ ಗಾಂಧಾರದ್ದೇ ರಾಜ್ಯಭಾರ. ಎರಡೂ ಗಾಂಧಾರಗಳ ನಡುವೆ ಓಡಾಡೋದರಲ್ಲಿ ಪಳಗಿದ್ದ ಕಿಂಗ್ ಆ ಹಾಡಿನಲ್ಲಿ ಶುದ್ಧ ಗಾಂಧಾರದ ಆಸೆಗೆ ಬೀಳಲ್ಲ. ಇದೂ ಫೀಲೇ, ಒಪ್ಪಿದೆ. ಆದ್ರೆ ಕಿವಿಗೆ ಕಾರ್ಡು ಕೇಳಿಸಿದ ಮೇಲೆ ಬಂದ ಫೀಲು.

"ಹಂಗಾದ್ರೆ ಬ್ಲೂಸ್ ಅಂದ್ರೆ ನಮ್ಮ ರಾಗಾನೇ ಅಲ್ವೇನಣ್ಣ?" ಅಂತ ನಮ್ಮ ಓಣಿಯ ಹುಡುಗನೊಬ್ಬ ಕೇಳಿದ. ಅಲ್ಲಪ್ಪ. ಎರಡು ಗಾಂಧಾರ ಇರೋ ರಾಗ ನಮ್ಮಲ್ಲಿದೆ ನಿಜ, ಹಿಂದೂಸ್ತಾನಿಯ ಜೋಗ್. ಅದರಲ್ಲಿ ಹತ್ತುವಾಗ ಶುದ್ಧ ಗ, ಇಳಿದು ಸ ಸೇರುವಾಗ ಕೋಮಲ ಗ. ಕೇಳಿದ ಕೂಡಲೇ ಬ್ಲೂಸ್ ನೆನಪಾಗುತ್ತೆ. ಆದ್ರೆ ಜೋಗ್‌ನಲ್ಲಿ ಯಾವ ಗಾಂಧಾರ ಅನ್ನೋದನ್ನ ತೀರ್ಮಾನ ಮಾಡೋದು ರಾಗದ ನಡೆ. ತಂಬೂರಿ ಕೊನೇತನಕ ಅದೇ ಸ ಮೀಟ್ತಾ ಇರುತ್ತೆ, ನೆಲ ಅಲುಗಾಡಲ್ಲ. ಬ್ಲೂಸಿನಲ್ಲಿ ಕಾಲ ಕೆಳಗಿನ ನೆಲವೇ ಸರೀತಾ ಇರುತ್ತೆ, ನೆಲ ಸರಿದ ಹಾಗೆ ಗಾಂಧಾರ ಬದಲಾಗಬೇಕು. ಮತ್ತೆ ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದಲ್ಲಿ, ಗುಲಾಮಗಿರಿ ಅನುಭವಿಸಿದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿ. ಐದು ಸ್ವರ ಹೊಂದಿಕೊಂಡ ಮಾತ್ರಕ್ಕೆ "ಎಲ್ಲಾ ನಮ್ಮಲ್ಲೇ ಇತ್ತು" ಅಂದುಬಿಟ್ರೆ ಅವರ ಹಾಡನ್ನೂ ಕೇಳಿಸ್ಕೊಂಡಿಲ್ಲ, ನಮ್ಮದನ್ನೂ ಕೇಳಿಸ್ಕೊಂಡಿಲ್ಲ ಅಂತಲೇ ಅರ್ಥ.

ಕೇಳಿಸ್ಕೊಳ್ಳೋದರ ಮಾತು ಬಂತಲ್ಲ, ಹಾರ್ಮೋನಿಯಂ ಕೈಬಿಡೋ ಜಾಗವೂ ಒಂದಿದೆ. ಬ್ಲೂಸ್ ಹಾಡೋರ ಗಾಂಧಾರ ಎಷ್ಟೋ ಸಲ ಕೋಮಲವೂ ಅಲ್ಲ ಶುದ್ಧವೂ ಅಲ್ಲ, ಎರಡರ ನಡುವೆ ಎಲ್ಲೋ ಇರುತ್ತೆ. ಹಾರ್ಮೋನಿಯಂನಲ್ಲಿ ಆ ನಡುವೆ ಕೀ ಇಲ್ಲ, ಮೀಂಡ್ ಬರಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನ ಹೊರಗಿಟ್ಟಿದ್ದಕ್ಕೆ ಈ ಕೊರತೆಯೂ ಒಂದು ಕಾರಣ, ಮತ್ತೆ ಒಳಗೆ ಬರೋಕೆ 1971ರವರೆಗೆ ಕಾಯಬೇಕಾಯ್ತು. ಗಿಟಾರಿನಲ್ಲಿ ಹಾಗಲ್ಲ. ಕೋಮಲ ಗ ಮೇಲೆ ಬೆರಳಿಟ್ಟು ತಂತಿಯನ್ನ ಒಂಚೂರು ಜಗ್ಗಿದ್ರೆ ಆ ನಡುವಿನ ಸ್ವರ ಸಿಗುತ್ತೆ. ಎಷ್ಟು ಜಗ್ಗಬೇಕು? ಚುಕ್ಕೆ ಚಿತ್ರದಲ್ಲಿ ಅದಕ್ಕೆ ಚುಕ್ಕೆ ಇಲ್ಲ. ದರ್ಬಾರಿಯ ಗಾಂಧಾರ ತೂಗಾಡೋದನ್ನ ಕೇಳಿದ ಕಿವಿ ಇದ್ರೆ ಬೇಗ ಸಿಗುತ್ತೆ.

ಈಗ ನನ್ನ ಸಲಹೆ. ನಮ್ಮ ತಾಲೂಕಿನ ಹಳ್ಳಿಗಳಲ್ಲಿ ನಾಟಕಕ್ಕೆ, ಭಜನೆಗೆ ಪೇಟಿ ನುಡಿಸೋ ಮಾಸ್ತರುಗಳು ಇನ್ನೂ ಇದಾರೆ. ಆ ಕಡೆ ಮರಿಯಮ್ಮನಹಳ್ಳಿಯಂತೂ ನಾಟಕದವರ ಊರೇ. ಹಾಡೋನು ಯಾವ ಶ್ರುತಿ ಹಿಡಿದ್ರೂ ಅಲ್ಲಿಗೇ ಸ ಕೊಂಡೊಯ್ದು ನುಡಿಸೋ ವಿದ್ಯೆ ಅವರ ಬೆರಳಿನಲ್ಲಿದೆ. ಗ್ರಹಭೇದ ಅನ್ನೋ ಶಬ್ದ ಗೊತ್ತಿಲ್ಲದಿದ್ರೂ ಕೆಲಸ ಗೊತ್ತು. ಗಿಟಾರ್ ಹಿಡ್ಕೊಂಡು ಅವರ ಮನೆಗೆ ಹೋಗಿ, "ಮಾಸ್ತರ, ಎರಡು ಗಾಂಧಾರ ಗುರುತು ಹಿಡಿಯೋದು ಕಲಿಸ್ರಿ" ಅಂತ ಕೇಳಿ. ಬ್ಲೂಸ್ ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಸ ಮರೆಯದೆ ಹಾಡೋದು ಕಲಿಸಿದ್ರೆ ಸಾಕು. ಆಮೇಲೆ ಮನೆಗೆ ಬಂದು ಮೊಬೈಲಿನಲ್ಲಿ ಹನ್ನೆರಡು ಬಾರ್ ಬ್ಲೂಸ್ ಹಾಕಿ, ಗಿಟಾರ್ ಮುಟ್ಟದೆ ಬರೀ ಗಾಂಧಾರ ಹಾಡಿ. ಮೊದಲ ನಾಲ್ಕಕ್ಕೆ ಶುದ್ಧ, ಐದನೆಯದಕ್ಕೆ ಕೋಮಲಕ್ಕೆ ಇಳೀರಿ, ಏಳಕ್ಕೆ ಮತ್ತೆ ಹತ್ತಿ. ಒಂದು ವಾರ ಹೀಗೆ ಮಾಡಿ, ನಂತರ ಗಿಟಾರ್ ಎತ್ತಿಕೊಳ್ಳಿ. ಬರೀ ಎರಡು ಸ್ವರದಲ್ಲೇ ಬ್ಲೂಸ್ ಕೇಳಿಸೋಕೆ ಶುರುವಾಗುತ್ತೆ. ಉಳಿದ ಆರು ಸ್ವರ ನಿಧಾನಕ್ಕೆ ಬರಲಿ, ಏನವಸರ?

ಸಂಗೀತ ಗೊತ್ತಿರೋ ಬ್ಲಾಗಿಗ ಮಿತ್ರರು ಇದ್ದೀರಿ, ನಿಮಗೆ ಬೇರೆ ಅಭಿಪ್ರಾಯ ಇದ್ರೆ ಖಂಡಿತ ಜಗಳಕ್ಕೆ ಬನ್ನಿ. ನಿಮ್ಮೂರಲ್ಲಿ ಗೋಡೆಗೆ ತೂಗುಹಾಕಿದ ಗಿಟಾರ್ ಇದ್ರೆ ಅದರ ಯಜಮಾನನಿಗೆ ಪೇಟಿ ಮಾಸ್ತರ ಮನೆ ದಾರಿ ತೋರಿಸಿ. ಹಾಂ, ಹೋಗುವಾಗ ಬರಿಗೈಲಿ ಹೋಗಬೇಡ ಅಂತಲೂ ಹೇಳಿ, ಮಾಸ್ತರಿಗೆ ಎಲೆ ಅಡಿಕೆ ಬೇಕಾಗುತ್ತೆ :)